ಟೈಟಾನಿಯಂ ಪ್ಲೇಟೋ, ಕಾಲಿನ ಮೂಳೆಯೋ? ದವಡೆಗೆ ಎರಡೂ ಹಾಕಿಸಿಕೊಂಡವನ ಹೋಲಿಕೆ

ನನ್ನ ದವಡೆಯಲ್ಲಿ ಬೆಳೆದಿದ್ದ ಅಮೆಲೋಬ್ಲಾಸ್ಟೋಮಾ ಕ್ಯಾನ್ಸರ್ ಅಲ್ಲ. ಆದರೆ ಬರೀ ಕೆರೆದು ತೆಗೆದರೆ ಮತ್ತೆ ಬೆಳೆಯುವ ಹಟಮಾರಿ ಗಡ್ಡೆ. ಅದಕ್ಕೇ ಸುತ್ತಲಿನ ಒಳ್ಳೆಯ ಮೂಳೆಯನ್ನೂ ಸೇರಿಸಿ ಕತ್ತರಿಸುತ್ತಾರೆ. ನನ್ನ ಕೆಳದವಡೆಯ ಎಡಭಾಗ ಹೋದದ್ದು ಹೀಗೆ. ಆ ಜಾಗಕ್ಕೆ ಮೊದಲು ಬಂದದ್ದು ಟೈಟಾನಿಯಂ ಪ್ಲೇಟು; ಅದು ಮುರಿದ ಮೇಲೆ ಕಾಲಿನ ತೆಳ್ಳನೆಯ ಮೂಳೆ, ಫಿಬುಲಾ.

ಪ್ಲೇಟಿನ ಆಪರೇಷನ್ ಚಿಕ್ಕದು, ಖರ್ಚು ಕಮ್ಮಿ, ಬೇಗ ಮನೆಗೆ ಬರಬಹುದು. ಮುಖದ ಆಕಾರವೂ ಚೆನ್ನಾಗಿಯೇ ಇತ್ತು. ಆದರೆ ಅದರ ಮೇಲೆ ಹಲ್ಲು ಕೂರಿಸಲಾಗದು, ಒಂದೇ ಕಡೆ ಜಗಿಯಬೇಕು. ಮುದ್ದೆಗೆ ತೊಂದರೆಯಿರಲಿಲ್ಲ (ಅದನ್ನು ಯಾರು ಜಗಿಯುತ್ತಾರೆ?), ಕೋಡುಬಳೆ ಮಾತ್ರ ದೂರವಾಯಿತು. ಭಾರ ಹಂಚಿಕೊಳ್ಳಲು ಆ ಜಾಗದಲ್ಲಿ ಮೂಳೆಯಿಲ್ಲ, ಜಗಿದಾಗಲೆಲ್ಲ ಪೆಟ್ಟು ಪ್ಲೇಟಿಗೇ. ಹಿಂದೆ ಮುಂದೆ ಬಗ್ಗಿಸಿದ ತಂತಿಯ ಹಾಗೆ ಅದು ದಣಿದು ಬಿರುಕು ಬಿಡುತ್ತದೆ. ರೇಡಿಯೇಷನ್ ಪಡೆದವರಲ್ಲಿ, ಗದ್ದದ ಮುಂಭಾಗಕ್ಕೆ ಹಾಕಿಸಿಕೊಂಡವರಲ್ಲಿ ಚರ್ಮ ತೂತಾಗಿ ಪ್ಲೇಟು ಹೊರಗೆ ಕಾಣುವುದೂ ಉಂಟು.

ಫಿಬುಲಾದ ಕತೆಯೇ ಬೇರೆ. ಮೊಣಕಾಲ ಕೆಳಗಿನ ಎರಡು ಮೂಳೆಗಳಲ್ಲಿ ಮೈಭಾರದ ಬಹುಪಾಲು ಹೊರುವುದು ದಪ್ಪನೆಯದು. ತೆಳ್ಳನೆಯದರಿಂದ 20 ಸೆಂ.ಮೀ.ನಷ್ಟು ಉದ್ದ ತೆಗೆಯಬಹುದು. ಪಾದದ ಕೀಲು ಅಲುಗದಂತೆ ಕೆಳಗೆ 6–8 ಸೆಂ.ಮೀ. ಬಿಡುತ್ತಾರೆ. ರಕ್ತನಾಳದ ಸಮೇತ ತಂದು, ದವಡೆಯ ಬಾಗಿಗೆ ತಕ್ಕಂತೆ ತುಂಡರಿಸಿ ಜೋಡಿಸಿ, ಮೈಕ್ರೋಸ್ಕೋಪಿನಡಿ ಕುತ್ತಿಗೆಯ ನಾಳಗಳಿಗೆ ಹೊಲಿಯುವುದು. ಕೆಳದವಡೆಗೆ ಈ ದಾರಿಯನ್ನು 1989ರಲ್ಲಿ ತೋರಿಸಿದವರು ಸರ್ಜನ್ ಡೇವಿಡ್ ಹಿಡಾಲ್ಗೊ.

ಬೆಳಗ್ಗೆ ಒಳಗೆ ಹೋದವನನ್ನು ಹೊರಗೆ ತಂದದ್ದು ರಾತ್ರಿ. ಐಸಿಯುನಲ್ಲಿ ಗಂಟೆಗೊಮ್ಮೆ ನರ್ಸಮ್ಮ ಬಂದು ಮೂಳೆಯ ಜತೆಗೇ ತಂದು ಬಾಯೊಳಗೆ ಕೂರಿಸಿದ ಕಾಲಿನ ಚರ್ಮದ ಬಣ್ಣ ನೋಡಿ, ಡಾಪ್ಲರ್ ಯಂತ್ರ ಇಟ್ಟು ರಕ್ತದ ಸದ್ದು ಕೇಳುತ್ತಿದ್ದರು. ನಿದ್ದೆಯೆಂಬುದೇ ಇಲ್ಲ. ನಾಳ ಕಟ್ಟಿಕೊಂಡರೆ ಮತ್ತೆ ಥಿಯೇಟರಿಗೆ ಓಡಬೇಕು. ಊಟವೆಲ್ಲ ಮೂಗಿನ ನಳಿಕೆಯಲ್ಲಿ. ಕಾಲಿನ ಗಾಯ ದವಡೆಗಿಂತ ಹೆಚ್ಚು ಸತಾಯಿಸಿತು. ಹೆಬ್ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ, ಕುಕ್ಕರಗಾಲಲ್ಲಿ ಕೂತರೆ ಕೀಲು ಹಿಡಿಯುತ್ತದೆ.

ಅಷ್ಟಾದರೂ ನನ್ನ ಓಟು ಫಿಬುಲಾಕ್ಕೇ. ಅದು ಜೀವ ಇರುವ ಮೂಳೆ, ಉಳಿದ ದವಡೆಯೊಂದಿಗೆ ಕೂಡಿಕೊಂಡಿತು. ಈಗ ಅದರಲ್ಲಿ ಹಲ್ಲು ಕೂರಿಸಿದ ಇಂಪ್ಲಾಂಟ್ ಇದೆ, ಎಡಗಡೆಯೂ ಜಗಿಯುತ್ತೇನೆ. ಸಹಜ ದವಡೆಗಿಂತ ಎತ್ತರ ಕಮ್ಮಿಯಾದ್ದರಿಂದ ಆ ಹಲ್ಲುಗಳು ತುಸು ಉದ್ದ, ಇರಲಿ. ತುಟಿಯ ಜೋಮು ಮಾತ್ರ ಎರಡರಲ್ಲೂ ಒಂದೇ. ನರ ಗಡ್ಡೆಯ ಜತೆಗೇ ಹೋಗಿತ್ತು.

ದೀರ್ಘ ಅರಿವಳಿಕೆ ತಡೆಯದ ವಯಸ್ಸಾದವರಿಗೆ, ಸಿಟಿ ಆಂಜಿಯೋದಲ್ಲಿ (ರಕ್ತನಾಳ ತೋರಿಸುವ ಸ್ಕ್ಯಾನು) ಕಾಲಿನ ನಾಳಗಳು ಸರಿಯಿಲ್ಲವೆಂದು ಕಂಡು, ಬೇರೆ ಕಡೆಯ ಮೂಳೆಯೂ ಬೇಡವೆಂದಾದವರಿಗೆ ಪ್ಲೇಟು ಒಪ್ಪುತ್ತೇನೆ. ಖರ್ಚು ಕಮ್ಮಿಯೆಂಬ ಒಂದೇ ಕಾರಣಕ್ಕಾದರೆ, ಎರಡನೇ ಆಪರೇಷನ್ನಿನ ಬಿಲ್ಲನ್ನೂ ಕೂಡಿಸಿ ನೋಡಿ.