250 ರೂಪಾಯಿಯ ಕಿಟ್ಟು, ಮಾವನ ಭೂತಗನ್ನಡಿ

ಮಗ ಕೊಡಗಿನ ಟ್ರಿಪ್ಪಿಂದ ಬಂದವನೇ ಕೆಮ್ಮಲು ಶುರು ಮಾಡಿದ. ಮನೆಯಲ್ಲಿ 76 ವರ್ಷದ ಮಾವ ಇದ್ದಾರೆ, ಅವರಿಗೆ ದಮ್ಮು. ಹನುಮಂತನಗರದ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಮನೆಯಲ್ಲೇ ಟೆಸ್ಟ್ ಮಾಡಿಕೊಳ್ಳುವ ಕೋವಿಡ್ ಕಿಟ್ ಕೇಳಿದೆ. "ಈಗ ಯಾರು ತಗೋತಾರೆ ಮೇಡಂ" ಅನ್ನುತ್ತಾ ಅಂಗಡಿಯವರು ಧೂಳು ಒರೆಸಿ ಎರಡು ಕೊಟ್ಟರು. ಒಂದಕ್ಕೆ 250 ರೂಪಾಯಿ. ಎಕ್ಸ್‌ಪೈರಿಗೆ ಎರಡೇ ತಿಂಗಳಿತ್ತು. ನೀವೂ ತಾರೀಖು ನೋಡಿಯೇ ತಗೊಳ್ಳಿ.

ಬಳಸುವುದು ಸುಲಭ. ಕಡ್ಡಿಯನ್ನು ಎರಡೂ ಮೂಗಿನ ಹೊಳ್ಳೆಯಲ್ಲಿ ತಿರುಗಿಸಿ, ಟ್ಯೂಬಿನ ದ್ರವದಲ್ಲಿ ಅದ್ದಿ, ಕಾರ್ಡಿನ ಮೇಲೆ ಎರಡು ಹನಿ ಬಿಡಬೇಕು. 15 ನಿಮಿಷ ಕಾಯಬೇಕು. 20 ದಾಟಿದ ಮೇಲೆ ಕಂಡದ್ದು ಲೆಕ್ಕಕ್ಕಿಲ್ಲ. ಮಾವ ಎಚ್‌ಎಂಟಿಯಲ್ಲಿ ವಾಚು ಜೋಡಿಸುತ್ತಿದ್ದವರು. ಮೊಬೈಲಿನ ಟೈಮರ್ ಬೇಡವೇ ಬೇಡ ಎಂದು ಬಾಗಿಲಾಚೆಯೇ ಕುರ್ಚಿ ಹಾಕಿಕೊಂಡು ತಮ್ಮ ವಾಚು ಹಿಡಿದು ಕೂತರು!

ಕಾರ್ಡಿನ ಸಿ (ಕಂಟ್ರೋಲ್) ಹತ್ತಿರ ಒಂದು ಗೆರೆ ಬಂತು. ಟಿ (ಟೆಸ್ಟ್) ಹತ್ತಿರ ಏನೂ ಇಲ್ಲ. ನೆಗೆಟಿವ್. ಮಗ ಆಗಲೇ ಹಾಲಿಗೆ ಬಂದು ತಾತನ ಪಕ್ಕ ಕೂರಲು ನೋಡಿದ. ನಾನು ಬಿಡಲಿಲ್ಲ, ಕೆಮ್ಮು ನಿಂತಿರಲಿಲ್ಲ ಅಲ್ವಾ. ಈ ಕಾರ್ಡು ಹುಡುಕುವುದು ವೈರಸ್ಸಿನ ಪ್ರೋಟೀನನ್ನು. ಮೂಗಿನಲ್ಲಿ ಅದು ಸಾಕಷ್ಟಿದ್ದರೆ ಮಾತ್ರ ಗೆರೆ ಮೂಡುತ್ತದೆ. ಲ್ಯಾಬಿನ ಆರ್‌ಟಿಪಿಸಿಆರ್ ಟೆಸ್ಟ್ ವೈರಸ್ಸಿನ ವಂಶವಾಹಿ ಚೂರೇ ಚೂರು ಇದ್ದರೂ ಅದನ್ನು ಲಕ್ಷಗಟ್ಟಲೆ ಹೆಚ್ಚಿಸಿ ಹಿಡಿಯುತ್ತದೆ. ಅದಕ್ಕೇ ಕೆಮ್ಮು ಜ್ವರ ಇದ್ದು ಕಾರ್ಡು ನೆಗೆಟಿವ್ ಅಂದರೆ ಆರ್‌ಟಿಪಿಸಿಆರ್ ಮಾಡಿಸಿ ಎಂದು 2021ರಲ್ಲೇ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳಿತ್ತು. ನಾನು ಸೋಮಾರಿತನದಿಂದ ಲ್ಯಾಬಿಗೆ ಹೋಗಲಿಲ್ಲ. ಅದು ನನ್ನ ತಪ್ಪು, ಕಿಟ್ಟಿನದಲ್ಲ.

ಎರಡು ದಿನ ಬಿಟ್ಟು ಎರಡನೇ ಕಿಟ್ ಒಡೆದೆವು. ಟ್ಯೂಬ್‌ಲೈಟಿನಡಿ ಒಂದೇ ಗೆರೆ ಅನ್ನಿಸಿತು. ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕಿಟಕಿ ಹತ್ತಿರ ಇಟ್ಟೆ. ಮಾವ ಮಾಸ್ಕ್ ಹಾಕಿಕೊಂಡು ಬಂದರು, ವಾಚು ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ಬಗ್ಗಿದರು. "ಇದೆ ಕಣಮ್ಮ, ಕೂದಲೆಳೆಯಷ್ಟು." ಗೆರೆ ಎಷ್ಟು ತೆಳುವಾದರೂ ಪಾಸಿಟಿವ್ ಪಾಸಿಟಿವ್ವೇ. ಮಗನನ್ನು ಮಹಡಿ ರೂಮಿಗೆ ಕಳಿಸಿದೆವು. ಮಾವನಿಗೆ ಏನೂ ಆಗಲಿಲ್ಲ.

ಇದು ಕೊರೊನಾ ಒಂದನ್ನೇ ಹೇಳುತ್ತದೆ. ಮಳೆಗಾಲದ ಜ್ವರಕ್ಕೆ ಇದನ್ನು ನಂಬಿ ಡೆಂಗಿ ಟೆಸ್ಟ್ ಬಿಡಬೇಡಿ.

ನನ್ನ ಲೆಕ್ಕದಲ್ಲಿ 5ಕ್ಕೆ ಮೂರೂವರೆ. ಮನೆಯಲ್ಲಿ ವಯಸ್ಸಾದವರಿದ್ದರೆ ಎರಡು ತಂದಿಡಿ, ಒಂದು ಸಾಲದು. ಅರ್ಧ ಅಂಕ ಕಿತ್ತಿದ್ದು ಸೂಚನೆ ಚೀಟಿಗೆ. ಅದನ್ನೂ ಮಾವ ಭೂತಗನ್ನಡಿಯಲ್ಲೇ ಓದಿದರು. "ನಮ್ಮ ವಾಚಿನ ಸ್ಕ್ರೂ ಇದಕ್ಕಿಂತ ದಪ್ಪ ಇರ್ತಿತ್ತು" ಅಂದರು.