ನೇಮ್‌ಸ್ಪೇಸ್ ಕೆಡಿಸದ ಎಲ್‌ಎಕ್ಸ್‌ಎಂಎಲ್
ಬೆಂಗಳೂರಿನ ವಾರ್ಡ್ ನಕ್ಷೆಗಳ ಕೆಎಂಎಲ್ ಫೈಲುಗಳನ್ನು (ನಕ್ಷೆಯ ಮಾಹಿತಿಯನ್ನು ಎಕ್ಸ್‌ಎಂಎಲ್ ಟ್ಯಾಗುಗಳಲ್ಲಿ ಬರೆದಿಡುವ ಫೈಲುಗಳು) ಪೈಥಾನ್‌ನಲ್ಲಿ ಓದಿ, ತಿದ್ದಿ, ಮರಳಿ ಬರೆಯುವ ಕೆಲಸಕ್ಕೆ ಎಲ್‌ಎಕ್ಸ್‌ಎಂಎಲ್ ಲೈಬ್ರರಿಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಪೈಥಾನ್ ಜೊತೆಗೇ ಬರುವ ಎಲಿಮೆಂಟ್‌ಟ್ರೀ ಲೈಬ್ರರಿ, ನೇಮ್‌ಸ್ಪೇಸನ್ನು (ಟ್ಯಾಗು ಯಾವ ಗುಂಪಿಗೆ ಸೇರಿದ್ದು ಎಂದು ಗುರುತಿಸುವ ವಿಳಾಸವನ್ನು) ಮೊದಲೇ ನೋಂದಾಯಿಸದಿದ್ದರೆ, ಬರೆಯುವಾಗ ಟ್ಯಾಗುಗಳಿಗೆಲ್ಲ ‘ಎನ್‌ಎಸ್0’ ಎಂಬ ಪ್ರಿಫಿಕ್ಸ್ ಅಂಟಿಸುತ್ತದೆ. ಎಲ್‌ಎಕ್ಸ್‌ಎಂಎಲ್ ಮೂಲ ಫೈಲಿನಲ್ಲಿದ್ದುದನ್ನು ಹಾಗೆಯೇ ಉಳಿಸುತ್ತದೆ. ಹೊಸಬರು ಎಡವುವ ಜಾಗ ಒಂದಿದೆ: ಫೈಲಿನ ಆರಂಭದಲ್ಲಿ ನೇಮ್‌ಸ್ಪೇಸನ್ನು ಹೇಳುವ ಎಕ್ಸ್‌ಎಂಎಲ್‌ಎನ್‌ಎಸ್ ಘೋಷಣೆ ಇರುವಾಗ ಟ್ಯಾಗುಗಳನ್ನು ಹುಡುಕುವ ಭಾಷೆಯಾದ ಎಕ್ಸ್‌ಪಾಥ್‌ನಲ್ಲಿ ಬರೀ ‘ಪ್ಲೇಸ್‌ಮಾರ್ಕ್’ (ನಕ್ಷೆಯ ಒಂದು ಗುರುತಿನ ಟ್ಯಾಗು) ಎಂದು ಹುಡುಕಿದರೆ ಖಾಲಿ ಪಟ್ಟಿಯೇ ಸಿಗುತ್ತದೆ, ಏಕೆಂದರೆ ಎಕ್ಸ್‌ಪಾಥ್ 1.0ರಲ್ಲಿ ಪ್ರಿಫಿಕ್ಸ್ ಇಲ್ಲದ ಹೆಸರು ಯಾವ ನೇಮ್‌ಸ್ಪೇಸಿಗೂ ಸೇರುವುದಿಲ್ಲ. ‘ಕೆ’ ಎಂಬಂಥ ಪ್ರಿಫಿಕ್ಸನ್ನು ನಾವೇ ಆ ನೇಮ್‌ಸ್ಪೇಸ್ ವಿಳಾಸಕ್ಕೆ ಜೋಡಿಸಿಕೊಟ್ಟು ‘ಕೆ:ಪ್ಲೇಸ್‌ಮಾರ್ಕ್’ ಎಂದು ಕೇಳಬೇಕು. ಈ ಹೆಜ್ಜೆ ಮೊದಮೊದಲು ಕಿರಿಕಿರಿ ಎನಿಸಿದರೂ, ಯಾವ ಟ್ಯಾಗು ಎಲ್ಲಿಯದು ಎಂಬುದು ಕೋಡಿನಲ್ಲೇ ಸ್ಪಷ್ಟವಾಗಿ ಕಾಣುವುದರಿಂದ ನನಗೆ ಇದೇ ಸರಿ ಎನಿಸುತ್ತದೆ. ವೇಗದ ಬಗ್ಗೆ ದೂರಿಲ್ಲ.