ದ್ರಾಕ್ಷಿ ತೋಟದಲ್ಲಿ ನಾಯಿ ಫೋಟೋ ತೆಗೆಸುವವರು ಇದನ್ನು ಓದಿಯೇ ಹೋಗಿ

ಫೆಬ್ರವರಿ ಬಂತೆಂದರೆ ತಿಕೋಟಾ, ಬಬಲೇಶ್ವರ, ಜಮಖಂಡಿ, ಅಥಣಿ ಕಡೆಯ ದ್ರಾಕ್ಷಿ ತೋಟಗಳಿಗೆ ಕ್ಯಾಮೆರಾ ಹೊತ್ತವರ ದಂಡು ಶುರು. ಮೊದಲು ಮದುವೆ ಜೋಡಿಗಳು, ಆಮೇಲೆ ಮಕ್ಕಳು, ಈಗೀಗ ನಾಯಿಗಳು. ಹಸಿರು ಚಪ್ಪರ, ಇಳಿಬಿದ್ದ ಗೊಂಚಲು, ಎಲೆ ಸಂದಿಯಿಂದ ಸೋಸಿ ಬರುವ ಬೆಳಕು. ಚಿತ್ರ ಚೆಂದ ಬರುತ್ತದೆ, ಸುಳ್ಳಲ್ಲ. ಆದರೆ ಆ ತೋಟದ ನೆಲದ ಮೇಲೆ ಉದುರಿ ಬಿದ್ದಿರುವ ದ್ರಾಕ್ಷಿ, ಶೆಡ್ಡಿನಲ್ಲಿ ಹರವಿದ ಒಣದ್ರಾಕ್ಷಿ ಎರಡೂ ನಾಯಿಯ ಪಾಲಿಗೆ ವಿಷ. ಈ ಮಾರ್ಚ್‌ನಲ್ಲಿ ವಿಜಯಪುರದ ಮನೆಯೊಂದರ ಲ್ಯಾಬ್ರಡಾರ್ ಹೀಗೇ ಸತ್ತುಹೋಯಿತು. ಹೆಸರು, ತೋಟ ಯಾವುದನ್ನೂ ಹೇಳದೆ ನಡೆದದ್ದನ್ನಷ್ಟೇ ಬರೆಯುತ್ತಿದ್ದೇವೆ. ಯಾರನ್ನೋ ಬೈಯಲಿಕ್ಕಲ್ಲ, ಮುಂದಿನ ವಾರ ಶೂಟ್ ಇಟ್ಟುಕೊಂಡವರು ತಿಳಿದಿರಲಿ ಎಂದು.

ಮೂರು ವರ್ಷದ ಗಂಡು ನಾಯಿ, 26 ಕಿಲೋ ತೂಕ, ಲಸಿಕೆ ಎಲ್ಲ ಸರಿಯಾಗಿ ಆಗಿತ್ತು. ಬೆಳಿಗ್ಗೆ ಏಳಕ್ಕೆ ಶುರುವಾಗಬೇಕಿದ್ದ ಶೂಟ್ ಶುರುವಾದದ್ದು ಒಂಬತ್ತೂವರೆಗೆ. ಮುಖಕ್ಕೆ ದೊಡ್ಡ ಲೆನ್ಸ್ ಹಿಡಿದ ಮನುಷ್ಯನನ್ನು ಆ ನಾಯಿ ಹಿಂದೆ ಕಂಡೇ ಇರಲಿಲ್ಲ. ಕುಂದ್ರು ಅಂದರೆ ಕೂಡದು, ಕೂತರೆ ಕ್ಯಾಮೆರಾ ಕಡೆ ತಿರುಗದು. ಮನೆಯಿಂದ ತಂದ ಬಿಸ್ಕತ್ತು ಕಾಲು ಗಂಟೆಯಲ್ಲಿ ಖಾಲಿ. ಪಕ್ಕದಲ್ಲೇ ಒಣದ್ರಾಕ್ಷಿ ಒಣಗಿಸುವ ಶೆಡ್. ಫೋಟೋಗ್ರಾಫರ್ ಜೊತೆ ಬಂದಿದ್ದ ಹುಡುಗ ಬಲೆಯ ಮೇಲಿಂದ ಒಂದು ಬೊಗಸೆ ತಂದು ಒಂದು ಕಾಳನ್ನು ಲೆನ್ಸ್ ಮೇಲೆ ಹಿಡಿದ. ನಾಯಿ ಬಾಯಿ ಮುಚ್ಚಿ, ಕಿವಿ ಮುಂದೆ ತಂದು, ನೆಟ್ಟ ನೋಟದಲ್ಲಿ ನೋಡಿತು. ಎಲ್ಲರಿಗೂ ಖುಷಿ. ಅಲ್ಲಿಂದ ಪ್ರತಿ ಕ್ಲಿಕ್ಕಿಗೂ ಎರಡು, ಮೂರು ಕಾಳು. "ಮಂದಿ ತಿನ್ನೂದ ಐತಲ್ರಿ, ನಾಯಿಗೇನ್ ಆಕ್ಕೈತಿ" ಎಂದು ಯಾರೋ ಅಂದರಂತೆ. ಬೊಗಸೆ ಎರಡು ಸಲ ತುಂಬಿ ಬಂತು.

ರಾತ್ರಿ ಹತ್ತರ ಸುಮಾರಿಗೆ ಮೊದಲ ವಾಂತಿ. ಅದರಲ್ಲಿ ಒಣದ್ರಾಕ್ಷಿ ಕಾಳುಗಳು ನೀರು ಕುಡಿದು ಉಬ್ಬಿ, ಹಸಿದ್ರಾಕ್ಷಿಯಷ್ಟೇ ದುಂಡಗಾಗಿ, ಸಿಪ್ಪೆಯೂ ಹರಿಯದೆ ಹಾಗೇ ಬಿದ್ದಿದ್ದವು. ಮನೆಯವರು ಬಿಸಿಲು ತಾಕಿರಬೇಕು ಎಂದು ಮಜ್ಜಿಗೆ ಕುಡಿಸಿದರು, ಮರುದಿನ ಓಆರ್‌ಎಸ್ ಕೊಟ್ಟರು. ವಾಂತಿ ನಿಂತಿತು. ಮೋಸ ಹೋಗುವುದೇ ಇಲ್ಲಿ, ಏಕೆಂದರೆ ಹೊಟ್ಟೆ ಶಾಂತವಾದ ಆ ಹೊತ್ತಿನಲ್ಲೇ ಮೂತ್ರಪಿಂಡ ಕೆಡುತ್ತಿರುತ್ತದೆ. ಎರಡನೇ ದಿನ ನಾಯಿ ತಟ್ಟೆ ಮೂಸಿ ಬಿಟ್ಟು ಮೂಲೆ ಹಿಡಿಯಿತು. ಮೂರನೇ ದಿನ ಕಾಲೆತ್ತಿ ನಿಂತರೂ ನಾಲ್ಕು ಹನಿ. ದವಾಖಾನೆಯಲ್ಲಿ ರಕ್ತ ನೋಡಿದಾಗ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಲ್ಮಶ, 8 ದಾಟಿತ್ತು. ಆರೋಗ್ಯವಂತ ನಾಯಿಯಲ್ಲಿ ಅದು ಸಾಮಾನ್ಯವಾಗಿ 1.8ರ ಒಳಗಿರಬೇಕು. ಸಲಾಯಿನ್ ಹಾಕಿದರು, ಮೂತ್ರ ಬರಲಿಲ್ಲ. ಮೂತ್ರ ಪೂರ್ತಿ ನಿಂತ ನಾಯಿ ಉಳಿಯುವುದು ಬಹಳ ಅಪರೂಪ, ಇದೂ ಉಳಿಯಲಿಲ್ಲ.

ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕು ಎಂದು 2021ರಲ್ಲಿ ಅಮೆರಿಕದ ಪಶು ವಿಷತಜ್ಞರು ಹೇಳಿದರು, ಈಗ ಹೆಚ್ಚಿನವರು ಒಪ್ಪುವುದೂ ಅದನ್ನೇ. ಹುಣಸೆಹಣ್ಣಿನಲ್ಲೂ ಇದೇ ಆಮ್ಲ ಇದೆ, ಅದೂ ನಾಯಿಗೆ ಬೇಡ. ಆಮ್ಲದ ಪ್ರಮಾಣ ತಳಿಯಿಂದ ತಳಿಗೆ, ಹಣ್ಣಿನ ಬಲಿತದಿಂದ ಬಲಿತಕ್ಕೆ ಬದಲಾಗುತ್ತದೆ. ಹಾಗಾಗಿ ಒಂದು ನಾಯಿ ತಿಂದು ಆರಾಮಾಗಿ ಓಡಾಡುತ್ತದೆ, ಇನ್ನೊಂದು ಅಷ್ಟೇ ತಿಂದು ಸಾಯುತ್ತದೆ. "ನಮ್ಮ ತೋಟದ ನಾಯಿ ದಿನಾ ತಿಂತೈತಿ" ಎಂಬ ಮಾತು ಸುಳ್ಳಿರಲಿಕ್ಕಿಲ್ಲ, ಆದರೆ ಅದನ್ನು ನಂಬಿ ನಿಮ್ಮ ನಾಯಿಗೆ ಕೊಡಬೇಡಿ. ಇಷ್ಟರವರೆಗೆ ನಡೆಯುತ್ತದೆ ಎಂಬ ಲೆಕ್ಕವೇ ಇಲ್ಲ. ದೇಹತೂಕದ ಕಿಲೋಗೆ ಸುಮಾರು 3 ಗ್ರಾಂ ಒಣದ್ರಾಕ್ಷಿ ತಿಂದು ಮೂತ್ರಪಿಂಡ ಕೆಟ್ಟ ಪ್ರಕರಣಗಳು ದಾಖಲಾಗಿವೆ. 26 ಕಿಲೋ ನಾಯಿಗೆ ಅದು 80 ಗ್ರಾಂ ಕೂಡ ಆಗದು, ಐದು ಕಿಲೋದ ಪೊಮೆರೇನಿಯನ್‌ಗೆ ಬರೀ 15 ಗ್ರಾಂ. ಹಸಿದ್ರಾಕ್ಷಿ ಒಣಗಿ ನಾಲ್ಕರಲ್ಲಿ ಒಂದು ಪಾಲು ತೂಕಕ್ಕೆ ಇಳಿಯುವುದರಿಂದ ಒಣದ್ರಾಕ್ಷಿಯೇ ಹೆಚ್ಚು ಅಪಾಯ. ಬೇಸನ್ ಉಂಡಿ, ಶಿರಾ, ದ್ರಾಕ್ಷಿ ಹಾಕಿದ ಕರದಂಟು ಎಲ್ಲವೂ ಈ ಲೆಕ್ಕಕ್ಕೇ ಬರುತ್ತವೆ.

ತಿಂದದ್ದು ಗೊತ್ತಾದ ಕೂಡಲೇ, ನಾಯಿ ಚೆನ್ನಾಗಿ ಆಡುತ್ತಿದ್ದರೂ, ಶೂಟ್ ಅಲ್ಲಿಗೇ ಬಿಟ್ಟು ದವಾಖಾನೆಗೆ ಹೊರಡಿ. ಮೊದಲ ಎರಡು ತಾಸಿನೊಳಗೆ ವೈದ್ಯರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರೆ ಅರ್ಧ ಗೆದ್ದಂತೆ. ದ್ರಾಕ್ಷಿ ಹೊಟ್ಟೆಯಲ್ಲಿ ಬಹಳ ಹೊತ್ತು ಕೂಡುವುದರಿಂದ, ತಡವಾಗಿದ್ದರೂ ಇನ್ನೇನು ಪ್ರಯೋಜನ ಎಂದು ಮನೆಯಲ್ಲೇ ಕೂರಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಖಂಡಿತ ಬೇಡ. ಅದರಿಂದ ರಕ್ತದಲ್ಲಿ ಸೋಡಿಯಂ ಏರಿ ನಾಯಿಗೆ ಫಿಟ್ಸ್ ಬರಬಹುದು, ಒಂದು ವಿಷದ ಮೇಲೆ ಇನ್ನೊಂದು. ಔಷಧಿ ಅಂಗಡಿಯ ನೋವಿನ ಗುಳಿಗೆಗಳು, ಐಬುಪ್ರೊಫೆನ್, ಡೈಕ್ಲೋಫೆನಾಕ್ ಯಾವುದನ್ನೂ ಮುಟ್ಟಬೇಡಿ, ಅವು ನೇರ ಮೂತ್ರಪಿಂಡಕ್ಕೇ ಹೊಡೆತ. ವೈದ್ಯರಿಗೆ ಮೂರು ಮಾತು ಸ್ಪಷ್ಟವಾಗಿ ಹೇಳಿ: ಎಷ್ಟು ತಿಂದಿರಬಹುದು, ಎಷ್ಟು ಗಂಟೆಗೆ, ನಾಯಿಯ ತೂಕ ಎಷ್ಟು. ವಾಂತಿಯಾಗಿದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ಸಾಮಾನ್ಯವಾಗಿ 48 ತಾಸು ಸಲಾಯಿನ್ ಹಾಕಿ, 24, 48, 72ನೇ ತಾಸಿಗೆ ಕ್ರಿಯಾಟಿನಿನ್ ನೋಡುತ್ತಾರೆ. ಮೊದಲ ವರದಿ ಚೆನ್ನಾಗಿ ಬಂತೆಂದು ಎರಡನೆಯದನ್ನು ಬಿಟ್ಟುಬಿಡುವವರು ಬಹಳ. ಬಿಡಬೇಡಿ, ಹಾನಿ ರಕ್ತದಲ್ಲಿ ಕಾಣುವುದೇ ತಡವಾಗಿ.

ಈಗ ಮೂಲಕ್ಕೆ ಬರೋಣ. ಆ ಹುಡುಗ ಒಣದ್ರಾಕ್ಷಿಗೆ ಕೈ ಹಾಕಿದ್ದು ನಾಯಿ ಕ್ಯಾಮೆರಾ ನೋಡಲಿಲ್ಲ ಎಂದು. ನಾಯಿ ನೋಡದೆ ಹೋದದ್ದು ಅದಕ್ಕೆ ಯಾರೂ ಕಲಿಸಿರಲಿಲ್ಲವೆಂದು. ತೋಟಕ್ಕೆ ಬಂದ ಮೇಲೆ ಕಲಿಸಲಿಕ್ಕೆ ಆಗದು, ಕನಿಷ್ಠ ಎರಡು ವಾರ ಮೊದಲೇ ಮನೆಯಂಗಳದಲ್ಲಿ ಶುರು ಮಾಡಬೇಕು. ದಿನಕ್ಕೆರಡು ಸಲ, ಐದೈದು ನಿಮಿಷ ಸಾಕು. ಮೂರೇ ಮಾತು: ಕುಂದ್ರು, ನಿಂದ್ರು, ನೋಡು. ಮನೆಯಲ್ಲಿ ಎಲ್ಲರೂ ಅದೇ ಮಾತು ಬಳಸಿ. ಅಪ್ಪ ಕುಂದ್ರು, ಮಗಳು ಸಿಟ್ ಎಂದರೆ ನಾಯಿಗೆ ಅವು ಎರಡು ಬೇರೆ ಮಾತು. ಮೊಬೈಲನ್ನು ನೆಲಮಟ್ಟದಲ್ಲಿ, ನಾಯಿಯ ಕಣ್ಣಿನ ಎತ್ತರಕ್ಕೆ ಹಿಡಿದು "ನೋಡು" ಅನ್ನಿ. ಕಣ್ಣು ತಿರುಗಿದ ಕ್ಷಣಕ್ಕೇ ತಿನಿಸು ಕೊಡಿ. ತಿನಿಸು ಬರಬೇಕಾದ್ದು ಲೆನ್ಸ್‌ನ ಪಕ್ಕದಿಂದ. ಮೂಗಿನ ಮುಂದೆ ಹಿಡಿದರೆ ಅದರ ಕಣ್ಣು ಕೈ ಮೇಲೇ ನಿಲ್ಲುತ್ತದೆ, ಚಿತ್ರದಲ್ಲಿ ಮೆಳ್ಳೆಗಣ್ಣು ಬಂದಂತೆ ಕಾಣುತ್ತದೆ. ನೋಡುವ ಹೊತ್ತನ್ನು ಒಂದು ಸೆಕೆಂಡಿನಿಂದ ಐದಕ್ಕೆ ಏರಿಸಿ, ಆಮೇಲೆ ದೂರವನ್ನು ಎರಡು ಹೆಜ್ಜೆಯಿಂದ ಹತ್ತಕ್ಕೆ ಒಯ್ಯಿರಿ. ಎರಡನ್ನೂ ಒಂದೇ ದಿನ ಏರಿಸಿದರೆ ನಾಯಿ ಎದ್ದು ನಿಮ್ಮತ್ತಲೇ ಬರುತ್ತದೆ. ಕೊನೆಯ ನಾಲ್ಕೈದು ದಿನ ಗೆಳೆಯರ ದೊಡ್ಡ ಕ್ಯಾಮೆರಾ ತಂದು ಶಟರ್ ಸದ್ದು ಕೇಳಿಸಿ. ಗಾಜಿನ ದೊಡ್ಡ ಲೆನ್ಸ್ ನಾಯಿಗೆ ದುರುಗುಟ್ಟುವ ಕಣ್ಣಿನ ಹಾಗೆ ಕಾಣುತ್ತದೆ. ಅದು ಮುಖ ತಿರುಗಿಸಿ ತುಟಿ ನೆಕ್ಕಿಕೊಳ್ಳುತ್ತಿದ್ದರೆ ಹಟ ಅಂದುಕೊಳ್ಳಬೇಡಿ, ಹೆದರಿಕೆ ಅದು.

ತಿನಿಸು ನಿಮ್ಮ ಮನೆಯದೇ ಇರಲಿ, ನಿಮ್ಮ ಸೊಂಟದ ಚೀಲದಲ್ಲೇ ಇರಲಿ. ಉಪ್ಪು, ಮಸಾಲೆ, ಉಳ್ಳಾಗಡ್ಡಿ ಇಲ್ಲದೆ ಕುದಿಸಿದ ಕೋಳಿ. ಸಸ್ಯಾಹಾರಿ ಮನೆಯಾದರೆ ಪನೀರ್ ಅಥವಾ ಕುದಿಸಿದ ಗೆಣಸು. ಬಟಾಣಿ ಕಾಳಿನಷ್ಟು ಸಣ್ಣಗೆ ಹೆಚ್ಚಿ. ಒಂದು ತಾಸಿನ ಶೂಟಿಗೆ ಎಂಬತ್ತರಿಂದ ನೂರು ತುಣುಕು ಬೇಕಾಗುತ್ತದೆ, ತೂಕದಲ್ಲಿ ನೋಡಿದರೆ ಅದು ಹೆಚ್ಚೇನಲ್ಲ. ಬಿಸ್ಕತ್ತು, ಖಡಕ್ ರೊಟ್ಟಿ ಇದಕ್ಕೆ ಆಗಿಬರುವುದಿಲ್ಲ. ಪುಡಿ ನೆಲಕ್ಕೆ ಬಿದ್ದು ನಾಯಿ ತಲೆ ಎತ್ತದೆ ಅದನ್ನೇ ಹುಡುಕುತ್ತದೆ, ಹುಡುಕುವಾಗಲೇ ಉದುರಿದ ದ್ರಾಕ್ಷಿಯೂ ಬಾಯಿ ಸೇರುತ್ತದೆ. ಪೂರ್ತಿ ಊಟ ಶೂಟಿಗೆ ಮೂರು ನಾಲ್ಕು ತಾಸು ಮೊದಲು ಮುಗಿದಿರಲಿ, ಬೆಳಗಿನ ಶೂಟಾದರೆ ಹಿಂದಿನ ರಾತ್ರಿಯದೇ ಸಾಕು. ಆಳ ಎದೆಯ ತಳಿಗಳು ತುಂಬಿದ ಹೊಟ್ಟೆಯಲ್ಲಿ ಓಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಭಯವಿದೆ. ಪೀಂ ಎನ್ನುವ ಆಟಿಕೆ ಮೂರು ನಾಲ್ಕು ಸಲಕ್ಕಷ್ಟೇ ಕೆಲಸ ಮಾಡುತ್ತದೆ. ಬಂದ ಕೂಡಲೇ ಅದನ್ನು ಹಿಸುಕುತ್ತಾ ಕೂರುವ ಫೋಟೋಗ್ರಾಫರ್‌ಗೆ ನಾಯಿ ಕೆಲಸ ಹೊಸದು ಎಂದೇ ತಿಳಿಯಿರಿ.

ಮುಧೋಳ ನಾಯಿ ಇದ್ದವರಿಗೆ ಬೇರೆ ಮಾತು. ಅದನ್ನು ಕೂಡಿಸಲು ಒದ್ದಾಡಬೇಡಿ. ಆ ತೊಡೆ, ಆ ಬೆನ್ನಿಗೆ ಕೂರುವುದು ಹಿತವಲ್ಲ. ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, ಕ್ಯಾಮೆರಾ ಪಕ್ಕೆಲುಬಿನ ಎತ್ತರಕ್ಕಿರಲಿ, ಆಗಲೇ ಎದೆಯ ಆಳ, ಹೊಟ್ಟೆಯ ಬಳುಕು ಎದ್ದು ಕಾಣುವುದು. ಅದರ ತಲೆ ಕುತ್ತಿಗೆಗಿಂತ ಸಣ್ಣ, ಸಾದಾ ಕಾಲರ್ ಹಿಂದಕ್ಕೆ ಜಗ್ಗಿದರೆ ಜಾರಿ ಬರುತ್ತದೆ. ಜಗ್ಗಿದಾಗ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್ ಹಾಕಿ. ಮೊಲವೋ ನವಿಲೋ ಕಂಡರೆ ನಿಮ್ಮ "ನಿಂದ್ರು" ಅದರ ಕಿವಿಗೆ ಬೀಳದು, ಸಾಲಿನ ತಂತಿಗೆ ಮೈ ಕೊಯ್ದುಕೊಂಡು ಓಡುತ್ತದೆ. ಯಾವ ತಳಿಯಾದರೂ ತೋಟದಲ್ಲಿ ಹಗ್ಗ ಬಿಚ್ಚಬಾರದು. ತೆಳ್ಳನೆಯ ಲೀಶ್ ಹಾಕಿ, ನಾಯಿ ಇಲ್ಲದ ಖಾಲಿ ಚಿತ್ರ ಒಂದನ್ನು ಅದೇ ಜಾಗದಿಂದ ತೆಗೆದಿಟ್ಟುಕೊಂಡರೆ ಎಡಿಟಿಂಗ್‌ನಲ್ಲಿ ಲೀಶ್ ಅಳಿಸುವುದು ಐದು ನಿಮಿಷದ ಕೆಲಸ.

ತೋಟವೇ ಬೇಕು ಎನ್ನುವವರು ಗೊಂಚಲು ಇರುವ ತಿಂಗಳು ಬಿಟ್ಟು ಹೋಗಿ. ಆಗಲೂ ತೋಟದವರನ್ನು ಕೊನೆಯ ಸ್ಪ್ರೇ ಯಾವಾಗ ಆಯಿತು, ಯಾವುದು ಎಂದು ಕೇಳಿಯೇ ಕಾಲಿಡಿ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಬಳ್ಳಿಯ ಚಿಗುರುಗಣ್ಣುಗಳಿಗೆ ಹಚ್ಚುವ ಹೈಡ್ರೋಜನ್ ಸಯನಮೈಡ್ ಮಾಮೂಲಿ ಔಷಧವಲ್ಲ, ಕಟುವಿಷ. ಎಲೆ ಮೇಲೆ ನೀಲಿ ಕಲೆ ಕಂಡರೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ್ದು. ನಾಯಿ ಮನೆಗೆ ಬಂದು ತನ್ನ ಕಾಲನ್ನು ತಾನೇ ನೆಕ್ಕುತ್ತದೆ ಎಂಬುದು ನೆನಪಿರಲಿ. ಡ್ರಿಪ್ಪಿನ ಕೆಳಗೆ ನಿಂತ ನೀರಿನಲ್ಲಿ ಗೊಬ್ಬರ ಇರುತ್ತದೆ, ಕುಡಿಯಲು ಬಿಡಬೇಡಿ. ಮನೆಯಿಂದ ಎರಡು ಲೀಟರ್ ನೀರು, ಒಂದು ಬಟ್ಟಲು ಒಯ್ಯಿರಿ. ಹಣ್ಣಿನ ಕಾಲದಲ್ಲೇ ಹೋಗುವುದಾದರೆ ಬುಟ್ಟಿಯಂಥ ಮಝಲ್ (ಬಾಯಿಗೆ ಕಟ್ಟುವ ಕುಕ್ಕೆ) ಹಾಕಿ ಒಳಗೆ ಕರೆದೊಯ್ಯಿರಿ, ಗುಡಿಸಿದ ಜಾಗದಲ್ಲಿ ಮಾತ್ರ ಬಿಚ್ಚಿ, ಕ್ಲಿಕ್ ಆದ ಕೂಡಲೇ ಮತ್ತೆ ಹಾಕಿ. ಮಝಲ್ ರೂಢಿಗೂ ಒಂದು ವಾರ ಬೇಕು. ಒಣದ್ರಾಕ್ಷಿ ಶೆಡ್ಡಿನ ಹತ್ತಿರವಂತೂ ಯಾವ ಕಾಲದಲ್ಲೂ ಬೇಡ.

ತೋಟ ಬೇಡ, ಗೋಳಗುಮ್ಮಟದ ಮುಂದೆ ತೆಗೆಸೋಣ ಎನ್ನುವವರಿಗೆ: ಸಂರಕ್ಷಿತ ಸ್ಮಾರಕಗಳೊಳಗೆ ಪ್ರಾಣಿ ತರುವಂತಿಲ್ಲ ಎಂದು 1959ರ ನಿಯಮದಲ್ಲೇ ಇದೆ, ಬಾದಾಮಿ, ಪಟ್ಟದಕಲ್ಲಿಗೂ ಅದೇ ಕಾನೂನು. ಬಾದಾಮಿಯಲ್ಲಿ ಹೊರಗೆ ನಿಂತರೂ ಮಂಗಗಳ ಕಾಟ. ಕಟಾವಾದ ಜೋಳದ ಹೊಲ, ಪರಿಚಯದವರ ಬೇವಿನ ಮರದಡಿ ಇವೇ ಲೇಸು. ಎರೆ ಹೊಲದ ಬಿರುಕು, ಜಾಲಿ ಮುಳ್ಳು ಮೊದಲೇ ನಡೆದು ನೋಡಿಕೊಳ್ಳಿ.

ಬಿಸಿಲ ಕಾಲದಲ್ಲಿ ಎಂಟೂವರೆಯೊಳಗೆ ಮುಗಿಸಿ. ಅಂಗೈ ಹಿಂಭಾಗವನ್ನು ನೆಲಕ್ಕೆ ಏಳು ಸೆಕೆಂಡ್ ಇಡಲು ಆಗದಿದ್ದರೆ ಅದರ ಪಾದಕ್ಕೂ ಆಗದು. ನಾಲಿಗೆ ಅಗಲವಾಗಿ ಜೋತುಬಿದ್ದು, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ಅದು ಬಿಸಿಲಾಘಾತ. ಮೈಮೇಲೆ ನಳದ ನೀರು ಸುರಿಯುತ್ತಲೇ ಗಾಳಿ ಹಾಕಿ, ಆಮೇಲೆ ದವಾಖಾನೆಗೆ ಒಯ್ಯಿರಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಟ್ಟರೆ ಸೆಕೆ ಒಳಗೇ ಉಳಿಯುತ್ತದೆ.

ಮನೆಗೆ ಬಂದ ಮೇಲೆ ನಾಲ್ಕೂ ಕಾಲು ಸೋಪು ಹಚ್ಚಿ ತೊಳೆದು, ಬೆರಳ ಸಂದಿ, ಕಿವಿಯೊಳಗೆ ಹುಲ್ಲಿನ ಮುಳ್ಳು, ಉಣ್ಣಿ ಇವೆಯೇ ನೋಡಿ. ಮುಂದಿನ ಮೂರು ದಿನ ಅದು ಎಷ್ಟು ಸಲ ಮೂತ್ರ ಮಾಡಿತು, ತಟ್ಟೆ ಖಾಲಿ ಮಾಡಿತೇ ಎಂಬುದರ ಮೇಲೆ ಒಂದು ಕಣ್ಣಿರಲಿ. ಒಂದು ವಾಂತಿಯಾದರೂ ದವಾಖಾನೆಗೆ ಹೋಗಿ "ದ್ರಾಕ್ಷಿ ತೋಟಕ್ಕೆ ಹೋಗಿತ್ತು" ಎಂಬುದನ್ನೇ ಮೊದಲು ಹೇಳಿ.